ರೊಟ್ಟಿಯ ಮೇಲಿನ ಎರಡು ಹನಿ

"ಹುಡುಗನ ತೋಳು ಬಿಡು ಪಾತಾ," ಎಂದೆ. "ಮೊದಲು ಬಿಡು. ಮಾತು ಆಮೇಲೆ."

ಇನ್ಸ್‌ಪೆಕ್ಟರ್ ಪಾತಾ ಬಿಡಲಿಲ್ಲ. ನನ್ನ ಕೈಕೆಳಗೆ ಪತ್ತೇದಾರಿಕೆಯ ಅ ಆ ಇ ಈ ಕಲಿತವನು ಇವನು. ನಾನು ನೌಕರಿ ಬಿಟ್ಟು ಮನೆ ಸೇರಿದ ಮೇಲೆ ಧೈರ್ಯ ಬಂದಿದೆ. ನನ್ನ ಅಣ್ಣನ ಮಗ ಮಾಮುಕಾನಿಗೆ ಕೈಕೋಳ ಹಾಕಿ, ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ, ಬಂದು ಹೋಗುವವರೆಲ್ಲ ನೋಡುವ ಹಾಗೆ ನಿಲ್ಲಿಸಿಕೊಂಡಿದ್ದ.

"ಮೇಡಂ, ನಿಮ್ಮ ಮೇಲೆ ಗೌರವ ಇದೆ," ಎಂದ. "ಆದ್ರೆ ಹೆಣ ಬಿದ್ದಿರೋದು ಈ ಮನೆ ಮೇಲಿನ ರೂಮಲ್ಲಿ. ಮುಖದ ಮೇಲೆ ದಿಂಬು ಒತ್ತಿ ಕೊಂದಿದ್ದಾರೆ. ನಿನ್ನೆ ಊಟದ ಮಧ್ಯೆ ಇವನು ಎದ್ದು ಮೆಟ್ಟಿಲು ಹತ್ತಿದ್ದನ್ನ ಎಲ್ಲರೂ ನೋಡಿದ್ದಾರೆ. ಕೂಗಿದ್ದನ್ನೂ ಕೇಳಿದ್ದಾರೆ."

"ಏನಂತ ಕೂಗಿದ?"

"'ಇವತ್ತು ಅವನನ್ನ ಹೂತೇ ಹಾಕ್ತೀನಿ' ಅಂತ. ಮರೆತುಬಿಟ್ರಾ? ನೀವೂ ಅಲ್ಲೇ ಇದ್ರಿ."

"ಅವನು ಬಾಗಿಲೇ ತೆಗೀಲಿಲ್ಲ ಅತ್ತೆ," ಎಂದ ಮಾಮುಕಾ. ಸುಗ್ಗಿಯ ಸಪೆರಾವಿ ದ್ರಾಕ್ಷಿ ಹಿಚುಕಿ ಅವನ ಕೈ ಮೊಣಕೈವರೆಗೂ ಕಪ್ಪಾಗಿತ್ತು. "ಬಡಿದೆ, ಬೈದೆ, ವಾಪಸ್ ಬಂದೆ. ಅಷ್ಟೇ."

"ಬಾಗಿಲಿಗೆ ಚಿಲಕವೇ ಹಾಕಿರಲಿಲ್ಲ ಕಣಯ್ಯ. ತಳ್ಳಿದ್ರೆ ತೆಗೀತಿತ್ತು."

"ಅತಿಥಿ ಇರೋ ರೂಮಿನ ಬಾಗಿಲನ್ನ ಯಾರಾದ್ರೂ ತಳ್ತಾರಾ?"

ಪಾತಾ ನಕ್ಕ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಕೊಲ್ಲುವುದಕ್ಕೆ ಹೋದವನು ಬಾಗಿಲು ತಳ್ಳಲು ಸಂಕೋಚಪಟ್ಟ ಎಂದರೆ ಬೇರೆ ಊರಿನವರು ನಗಲಿ. ನಮ್ಮ ಕಾಖೇತಿ ಸೀಮೆಯಲ್ಲೇ ಹುಟ್ಟಿ ಬೆಳೆದ ಇವನು ನಗುವುದೇ?

ಸತ್ತ ಅವ್ತಾಂದಿಲ್ ರಾಜಧಾನಿ ತ್ಬಿಲಿಸಿಯ ವೈನ್ ವ್ಯಾಪಾರಿ. ನನ್ನ ಅಣ್ಣ ಶಾಲ್ವಾ ಈ ಮನೆಯ ನೆಲದಲ್ಲಿ ಹೂಳಿದ ಗುಡಾಣಗಳಲ್ಲಿ ಮಾಡುತ್ತಿದ್ದ ವೈನಿಗೆ ಇಡೀ ಸಿಗ್ನಾಘಿ ಊರಲ್ಲಿ ಹೆಸರಿತ್ತು. ಅಣ್ಣ ತೀರಿಕೊಂಡ ಮೇಲೆ ಈ ಮಹಾಶಯ ಸಕ್ಕರೆ ನೀರಿಗೆ ಬಣ್ಣ ಕಲಸಿ ಸೀಸೆಗೆ ತುಂಬಿದ. ಮೇಲೆ ಅಣ್ಣನ ಹೆಸರು, ಅಣ್ಣನ ಮೀಸೆಯ ಚಿತ್ರ ಅಂಟಿಸಿ ಊರೂರಿಗೆ ಮಾರಿದ. ಕುಡಿದವರು ಉಗಿದದ್ದು ನಮ್ಮ ಮುಖಕ್ಕೆ.

ಅಂಥವನು ಈ ಸುಗ್ಗಿಯಲ್ಲಿ ಪೆಟ್ಟಿಗೆ ಹಿಡಿದು ಬಂದು ನಮ್ಮ ಅತಿಥಿಗೃಹದಲ್ಲೇ ರೂಮು ಕೇಳಿದ. ಬಾಗಿಲಿಗೆ ಬಂದವನನ್ನು ಹೋಗು ಅನ್ನುವ ರೂಢಿ ನಮ್ಮಲ್ಲಿಲ್ಲ. ಅದು ಗೊತ್ತಿದ್ದೇ ಬಂದಿದ್ದ. ಈ ಮನೆ, ಈ ಗುಡಾಣಗಳು ಎಲ್ಲವನ್ನೂ ಕೊಂಡು ದೊಡ್ಡ ಹೋಟೆಲು ಮಾಡುತ್ತೇನೆಂದು ಅಣ್ಣನ ಕುರ್ಚಿಯಲ್ಲೇ ಕೂತು ಹೇಳಿದ. ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದಂತೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಅಡುಗೆ ಮನೆಯಿಂದ ಅತ್ತಿಗೆ ಎತೇರಿ ಬಂದಳು. ಮಗನಿಗೆ ದಾರಿಗೆಂದು ರೊಟ್ಟಿ, ಚೀಸ್ ಗಂಟು ಕಟ್ಟಿ ತಂದಿದ್ದಳು. ಕಣ್ಣಲ್ಲಿ ನೀರಿರಲಿಲ್ಲ, ತುಟಿ ಮಾತ್ರ ಒಣಗಿತ್ತು.

"ಲಮಾರಾ, ಇವನನ್ನ ಬಿಡಿಸು," ಎಂದಳು. "ಇವನು ಏನೂ ಮಾಡಿಲ್ಲ. ನನಗೆ ಗೊತ್ತು, ಏನೂ ಮಾಡಿಲ್ಲ."

"ನಂಗೂ ಗೊತ್ತು ಅತ್ತಿಗೆ."

ಬರೀ ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ನಿನ್ನೆ ಮಧ್ಯಾಹ್ನ ನಾನು ಮತ್ತು ಮಾಮುಕಾ ಅಲಜಾನಿ ಕಣಿವೆಯ ತೋಟಕ್ಕೆ ಹೊರಟಾಗ ಅವ್ತಾಂದಿಲ್ ಮರದ ಬಾಲ್ಕನಿಯಲ್ಲಿ ನಿಂತು ನಮಗೆ ಕೈ ಬೀಸಿದ್ದ. ಕತ್ತಲಾಗುವಾಗ ಹಣ್ಣಿನ ಲಾರಿಯಲ್ಲಿ ವಾಪಸ್ ಬಂದವರು ಕೈ ಕೂಡ ಸರಿಯಾಗಿ ತೊಳೆಯದೆ ಊಟಕ್ಕೆ ಕೂತೆವು. ಮಾಮುಕಾ ಒಂಟಿಯಾಗಿದ್ದದ್ದು ಮೆಟ್ಟಿಲು ಹತ್ತಿ ಇಳಿದ ಆ ಸ್ವಲ್ಪ ಹೊತ್ತು ಮಾತ್ರ. ಅದಕ್ಕೂ ಮೊದಲೇ ಅವ್ತಾಂದಿಲ್ ಸತ್ತಿದ್ದ ಎಂದು ತೋರಿಸಿದರೆ ಹುಡುಗ ಬಚಾವು.

"ಡಾಕ್ಟರು ಏನಂತಾರೆ? ಯಾವಾಗ ಸತ್ತಿದ್ದು?" ಎಂದೆ.

"ವರದಿ ಬರೋಕೆ ದಿನಗಟ್ಟಲೆ ಆಗತ್ತೆ. ಅಲ್ಲೀವರೆಗೂ ಇವನು ತೆಲಾವಿ ಲಾಕಪ್ಪಲ್ಲಿ. ಇವತ್ತು ಮಧ್ಯಾಹ್ನಕ್ಕೇ ಕಾರು ಹೊರಡತ್ತೆ."

"ಊಟದ ಕೋಣೆ ಬೀಗದ ಕೈ ಕೊಡು."

"ಕೊಲೆ ಆಗಿದ್ದು ಮೇಲೆ ಮೇಡಂ."

"ಕೊಡು ಅಂದೆ."

ಕೊಟ್ಟ. ಹಳೆಯ ಭಯ ಇನ್ನೂ ಪೂರ್ತಿ ಹೋಗಿರಲಿಲ್ಲ.

ಊಟದ ಕೋಣೆಗೆ ಅಡುಗೆ ಮನೆ ದಾಟಿ ಹೋಗಬೇಕು. ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ತೊಳೆದ ತಟ್ಟೆಯೊಂದು ಬೋರಲಾಗಿ ಒಣಗುತ್ತಿತ್ತು. ಸದ್ಯ, ಅತ್ತಿಗೆ ಬೆಳಿಗ್ಗೆ ಏನೋ ಒಂದಿಷ್ಟು ತಿಂದಿದ್ದಾಳೆ ಎಂದುಕೊಂಡೆ.

ಕೋಣೆ ನಿನ್ನೆ ಬಿಟ್ಟ ಹಾಗೇ ಇತ್ತು. ಜಗಳವಾಗಿ ಎಲ್ಲರೂ ಎದ್ದು ಹೋದ ಮೇಲೆ ಯಾರಿಗೂ ಮೇಜು ತೆಗೆಯುವ ಮನಸ್ಸಿರಲಿಲ್ಲ. ಬೆಳಿಗ್ಗೆ ಪಾತಾ ಬಂದವನೇ ಬೀಗ ಹಾಕಿಸಿದ್ದ. ಖಿಂಕಾಲಿ ಕಡುಬಿನ ಜುಟ್ಟುಗಳು ತಟ್ಟೆಗಳಲ್ಲಿ ಹಾಗೇ ಬಿದ್ದಿದ್ದವು. ಬದನೆಕಾಯಿ ಸುರುಳಿಯ ಮೇಲಿನ ಅಕ್ರೋಟು ಒಣಗಿತ್ತು. ಮಾಮುಕಾ ಎಸೆದು ಒಡೆದ ಲೋಟದ ಚೂರು ನೆಲದ ತುಂಬ ಇತ್ತು.

ಜೆಮಾಲ್‌ಗೆ ಎಸೆದ ಲೋಟ ಅದು. ಚೌಕದಲ್ಲಿ ವೈನ್ ಅಂಗಡಿ ಇಟ್ಟಿರುವ ಜೆಮಾಲ್ ಅವ್ತಾಂದಿಲನ ಪಾಲುದಾರ. ಆ ಸಕ್ಕರೆ ನೀರನ್ನು ನಮ್ಮ ಊರಲ್ಲೇ, ನಮ್ಮ ಮೂಗಿನ ಕೆಳಗೇ ಪ್ರವಾಸಿಗಳಿಗೆ ಮಾರುವವನು. ಅವನನ್ನೂ ಊಟಕ್ಕೆ ಕರೆಯಬೇಕೆಂದು ಅವ್ತಾಂದಿಲ್ ಹಟ ಹಿಡಿದಿದ್ದ. ಅತಿಥಿಯ ಮಾತು ತೆಗೆದುಹಾಕಲಾಗದೆ ಅತ್ತಿಗೆ ಕರೆದಿದ್ದಳು.

ಒಂದೊಂದೇ ತಟ್ಟೆ ನೋಡುತ್ತ ಮೇಜನ್ನು ಸುತ್ತಿದೆ. ಜೆಮಾಲನ ತಟ್ಟೆಯ ಹತ್ತಿರ ಕಾಲು ನಿಂತಿತು.

ತಟ್ಟೆಯ ಅಂಚಿನಲ್ಲಿ ರೊಟ್ಟಿಯ ಚಿಕ್ಕ ತುಂಡೊಂದಿತ್ತು. ಬೇಕೆಂದೇ ಮುರಿದು, ಬೇಕೆಂದೇ ಅಲ್ಲಿಟ್ಟದ್ದು. ಅದರ ಬಿಳಿಯ ಮೇಲೆ ಕೆಂಪು ವೈನಿನ ಎರಡು ಹನಿ ಒಣಗಿದ್ದವು.

ಉಳಿದ ತಟ್ಟೆಗಳಲ್ಲಿ ಅಂಥ ತುಂಡು ಒಂದೂ ಇರಲಿಲ್ಲ. ಜೆಮಾಲನ ಪಕ್ಕದ ಜಾಗದಲ್ಲಿ ತಟ್ಟೆಯೇ ಇರಲಿಲ್ಲ; ಅಡುಗೆ ಮನೆ ಬಾಗಿಲಿಗೆ ಹತ್ತಿರದ ಆ ಕುರ್ಚಿಯಲ್ಲಿ ಯಾರೂ ಸ್ಥಿರವಾಗಿ ಕೂರುವುದಿಲ್ಲ. ನಾನು ಆ ರೊಟ್ಟಿಯ ತುಂಡನ್ನೇ ನೋಡುತ್ತ ನಿಂತೆ. ಮೈಯೆಲ್ಲ ಉರಿಯಿತು.

"ಪಾತಾ!" ಎಂದು ಕೂಗಿದೆ. "ಬಾ ಇಲ್ಲಿ. ಇದೇನು?"

ಬಂದು ಬಗ್ಗಿ ನೋಡಿದ. "ರೊಟ್ಟಿ. ಸತ್ತವರ ಹಾರೈಕೆಯದು."

"ನಿನ್ನೆ ಯಾರೂ ಸತ್ತವರ ಹಾರೈಕೆ ಹೇಳಲೇ ಇಲ್ಲ."

ಪಾತಾನ ಕೈ ತಾನೇ ಎದ್ದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿತು. ಎಷ್ಟಾದರೂ ನಮ್ಮ ಊರಿನವನೇ.

ನಮ್ಮ ಊಟದಲ್ಲಿ ಎಲ್ಲಕ್ಕೂ ಒಂದು ಸರದಿ ಇದೆ. ಊಟ ನಡೆಸುವ ಹಿರಿಯ, ನಮ್ಮ ತಮದಾ, ಒಂದೊಂದೇ ಹಾರೈಕೆ ಹೇಳಿ ಲೋಟ ಎತ್ತುತ್ತಾನೆ, ಉಳಿದವರು ಲೋಟಕ್ಕೆ ಲೋಟ ತಾಗಿಸಿ ಕುಡಿಯುತ್ತೇವೆ. ಸತ್ತವರ ಸರದಿ ಬಂದಾಗ ಮಾತ್ರ ತಾಗಿಸುವುದಿಲ್ಲ. ಸುಮ್ಮನೆ ರೊಟ್ಟಿ ಮುರಿದು, ಎರಡು ಹನಿ ಬಿಟ್ಟು, ತಟ್ಟೆಯ ಅಂಚಿಗಿಡುತ್ತೇವೆ. ಚಿಕ್ಕ ಮಕ್ಕಳೂ ನೋಡಿ ನೋಡಿ ಕಲಿತಿರುತ್ತಾರೆ. ಬದುಕಿರುವವನ ಹೆಸರಿಗೆ ಯಾರಾದರೂ ಹಾಗೆ ಮಾಡಿದರೆ ಮೇಜಿನಲ್ಲಿ ಕತ್ತಿ ಹಿರಿಯುತ್ತಾರೆ.

"ನಿನ್ನೆ ತಮದಾ ಯಾರು?" ಎಂದ ಪಾತಾ.

"ಇಲಾರಿಯೋನ್ ಮಾಮ. ಮೊದಲು ಶಾಂತಿಗೆ ಹೇಳಿದ. ಆಮೇಲೆ ಅತಿಥಿಗಳಿಗೆ. ಅದಕ್ಕೆ ಮನೆಯವಳು ಕೂತಿರಲೇಬೇಕು ಅಂತ, ಬಡಿಸ್ತಾ ಓಡಾಡ್ತಿದ್ದ ಅತ್ತಿಗೆನ ಕೈ ಹಿಡಿದು ಕೂರಿಸಿದ. 'ತಲೆನೋವು ಅಂತ ಮೇಲೆ ಮಲಗಿರೋ ನಮ್ಮ ಅವ್ತಾಂದಿಲ್ ಕೂಡ ನೂರು ವರ್ಷ ಬಾಳಲಿ' ಅಂದ. ಎಲ್ಲರೂ ಲೋಟ ತಾಗಿಸಿದ್ವಿ. ಅದಾಗಿದ್ದೇ ಮಾಮುಕಾ ಜೆಮಾಲ್‌ಗೆ ಲೋಟ ಎಸೆದು ಮೇಲಕ್ಕೆ ಓಡಿದ, ಊಟ ಅಲ್ಲಿಗೇ ಮುಗೀತು. ಅಂದ್ರೆ ಈ ಹನಿ ಬಿದ್ದಿದ್ದು ಯಾವಾಗ?"

"ಅತಿಥಿಗಳ ಹಾರೈಕೆಲಿ," ಎಂದ ಪಾತಾ ನಿಧಾನವಾಗಿ.

"ಮಾಮುಕಾ ಮೆಟ್ಟಿಲು ಹತ್ತೋದಕ್ಕೆ ಮುಂಚೆ. ಅವ್ತಾಂದಿಲ್ ಹೆಣ ಆಗಿದ್ದಾನೆ ಅಂತ ಗೊತ್ತಿದ್ದವರು ಒಬ್ಬರು ಈ ಮೇಜಲ್ಲಿ ಕೂತಿದ್ರು. ಅವನ ಹೆಸರು ಕಿವಿಗೆ ಬಿದ್ದಾಗ ಕೈ ತಾನಾಗೇ ರೊಟ್ಟಿ ಮುರೀತು. ಬಾಯಿ ಸುಳ್ಳು ಹೇಳತ್ತೆ ಪಾತಾ, ಇಂಥ ಕೈ ಹೇಳಲ್ಲ."

ಮಾತು ಮುಗಿಯುವ ಮೊದಲೇ ಇನ್ನೊಂದು ನೆನಪಾಯಿತು. ಆ ಹಾರೈಕೆಗೆ ನಾನು ಲೋಟ ಚಾಚಿದಾಗ ಎದುರಿಗಿದ್ದ ಜೆಮಾಲ್ ತಾಗಿಸಿರಲಿಲ್ಲ. ನನ್ನ ಕೈ ಗಾಳಿಯಲ್ಲೇ ಉಳಿದಿತ್ತು. ಸಕ್ಕರೆ ನೀರಿನ ನಾಚಿಕೆಗೆ ತಲೆ ತಗ್ಗಿಸಿದ್ದಾನೆ ಎಂದುಕೊಂಡಿದ್ದೆ. ನಾಚಿಕೆಯಂತೆ, ಅವನಿಗೆ!

"ನಾವು ತೋಟದಿಂದ ಬರೋ ಮೊದಲೇ ಅವನು ಬಂದು ಕೂತಿದ್ದ," ಎಂದೆ.

ಪಾತಾ ತಲೆ ಕೆರೆದುಕೊಂಡ. "ಮೇಡಂ, ನಾನು ನಂಬ್ತೀನಿ. ಜಡ್ಜು ರೊಟ್ಟಿ ತುಂಡು ನಂಬಲ್ಲ. ಅವನ ಬಾಯಿಂದ ಒಂದು ಮಾತು ಬರಲಿ, ನಿಮ್ಮ ಹುಡುಗನನ್ನ ಬಿಟ್ಟುಬಿಡ್ತೀನಿ. ಕಾರು ಹೇಗೂ ಚೌಕದ ಮೇಲೇ ಹೋಗ್ಬೇಕು. ಅಂಗಡಿ ಮುಂದೆ ನಿಲ್ಲಿಸಿಕೊಂಡಿರ್ತೀನಿ."

ಕಲ್ಲು ಹಾಸಿದ ಬೀದಿಯಲ್ಲಿ ಕಾರು ನಿಧಾನವಾಗಿ ಇಳಿಯಿತು. ಒಳಗೆ ಮಾಮುಕಾ, ಪಕ್ಕದಲ್ಲಿ ಗಂಟು ಹಿಡಿದು ನಡೆಯುತ್ತ ಅತ್ತಿಗೆ, ಮುಂದೆ ನಾನು. ಕೋಟೆ ಗೋಡೆಯ ಹತ್ತಿರ ಯಾರೋ ಮದುವೆ ಜೋಡಿ ಫೋಟೋ ತೆಗೆಸಿಕೊಳ್ಳುತ್ತಿತ್ತು. ಕೈಕೋಳ ಹಾಕಿದವನನ್ನು ಕಂಡು ಪ್ರವಾಸಿಗಳು ಫೋನು ಎತ್ತಿದರು. ರೂಮು ಬೇಕೇ, ವೈನ್ ಬೇಕೇ ಎಂದು ದಿನವೂ ನಗುನಗುತ್ತ ಮಾತಾಡಿಸಿದ ಹುಡುಗನನ್ನು ಇವರು ಹೀಗೆ ನೆನಪಿಟ್ಟುಕೊಳ್ಳುತ್ತಾರೆ. ಒಬ್ಬನ ಕೈಯಿಂದ ಫೋನು ಕಿತ್ತು ಚರಂಡಿಗೆ ಎಸೆಯುವ ಮನಸ್ಸಾಯಿತು, ಕೆಲಸವಿತ್ತು, ಮುಂದೆ ಹೋದೆ.

ಜೆಮಾಲನ ಅಂಗಡಿಯಲ್ಲಿ ಐದಾರು ಜನ ರುಚಿ ನೋಡುತ್ತ ನಿಂತಿದ್ದರು.

"ಎಲ್ಲ ಹೊರಗೆ ನಡೀರಿ," ಎಂದೆ. ಭಾಷೆ ಬಾರದವರಿಗೂ ನನ್ನ ಮುಖ ಅರ್ಥವಾಯಿತು.

"ಲಮಾರಾ ಅಕ್ಕಾ, ಸುಗ್ಗಿ ಟೈಮು," ಎಂದ ಜೆಮಾಲ್ ಹೊಟ್ಟೆ ಕುಲುಕಿಸುತ್ತ. "ಹೀಗೆ ಗಿರಾಕಿ ಓಡಿಸಿದ್ರೆ ನಾನು ಹೊಟ್ಟೆಗೇನು ತಿನ್ನಲಿ?"

ಹಲಗೆಯ ಮೇಲಿಂದ ಅಣ್ಣನ ಮೀಸೆಯ ಸೀಸೆಯೊಂದನ್ನು ತೆಗೆದೆ. ಬಿರಡೆ ಕಿತ್ತೆ. ಅರ್ಧ ಸೀಸೆಯನ್ನು ಅವನ ಹೊಳೆಯುವ ನೆಲದ ಮೇಲೆ ಸುರಿದೆ.

"ಅಕ್ಕಾ! ಹುಚ್ಚು ಹಿಡಿದಿದೆಯಾ ನಿಮಗೆ?"

"ನಾಯಿ ಕೂಡ ಮೂಸಲ್ಲ ಇದನ್ನ. ಬಾಯಿ ಮುಚ್ಚು. ನಿನ್ನೆ ನನ್ನ ಲೋಟಕ್ಕೆ ಯಾಕೆ ತಾಗಿಸಲಿಲ್ಲ?"

"ಅಷ್ಟಕ್ಕೇ ಇಷ್ಟು ಕೋಪಾನಾ? ಬನ್ನಿ, ಈಗಲೇ ತಾಗಿಸೋಣ."

ಗಿರಾಕಿಗಳಿಗೆಂದು ಇಟ್ಟಿದ್ದ ರೊಟ್ಟಿ ಬುಟ್ಟಿಯಿಂದ ಒಂದು ತುಂಡು ಮುರಿದು ಅವನ ಮುಂದಿಟ್ಟೆ. ಸೀಸೆ ಬಗ್ಗಿಸಿ ಎರಡು ಹನಿ ಬಿಟ್ಟೆ.

"ಇದನ್ನ ಯಾರ ಹೆಸರಿಗೆ ಮಾಡ್ತೀವಿ ಜೆಮಾಲ್?"

ನಗು ನಿಂತಿತು. ರೊಟ್ಟಿ ನೋಡಿದ, ನನ್ನನ್ನು ನೋಡಿದ, ಕಿಟಕಿಯಾಚೆ ನಿಂತ ಪೊಲೀಸು ಕಾರು ನೋಡಿದ. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು.

"ನಿನ್ನ ತಟ್ಟೆ ಇನ್ನೂ ಮೇಜಿನ ಮೇಲೇ ಇದೆ," ಎಂದೆ. "ನೋಡ್ಕೊಂಡು ಬಂದೆ."

"ಚೆಲ್ಲಿರಬೇಕು..."

"ಚೆಲ್ಲಿದ ವೈನ್ ರೊಟ್ಟಿ ಮುರಿದು ಅಂಚಿಗಿಡತ್ತಾ? ಯಾರಿಗೆ ಬಿಟ್ಟೆ ಆ ಹನಿ? ಇಲಾರಿಯೋನ್ ಮಾಮ ನೂರು ವರ್ಷ ಬಾಳಲಿ ಅಂತಿದ್ದಾಗ, ಅವನು ಮೇಲೆ ಹೆಣ ಆಗಿ ಬಿದ್ದಿದ್ದಾನೆ ಅಂತ ನಿನಗೆ ಹೇಗೆ ಗೊತ್ತಾಯ್ತು? ನಾವು ಬರೋ ಮುಂಚೆ ಆ ರೂಮಿಗೆ ಹೋಗಿ ಏನು ಮಾಡಿದೆ? ಪಾಲು ಹಂಚೋದ್ರಲ್ಲಿ ಜಗಳ ಆಯ್ತಾ? ನನ್ನ ಅಣ್ಣನ ಹೆಸರು ಹರಾಜು ಹಾಕಿದ್ದು ಸಾಲದು ಅಂತ ಈಗ ಅವನ ಮಗನನ್ನೂ ತಿನ್ತೀಯೇನೋ?"

ಅವನ ಕಾಲರು ನನ್ನ ಕೈಯಲ್ಲಿತ್ತು. ಯಾವಾಗ ಹಿಡಿದೆನೋ ನನಗೇ ಗೊತ್ತಿರಲಿಲ್ಲ.

"ನಾನು ಮೇಲಕ್ಕೇ ಹೋಗಿಲ್ಲ ಅಕ್ಕಾ! ನನ್ನ ಮಕ್ಕಳಾಣೆ! ಚಪ್ಪರದ ಕೆಳಗೇ ಕೂತಿದ್ದೆ. ಅವನೇ ಇಳಿದು ಬರ್ತಾನೆ ಅಂತ ಕಾಯ್ತಿದ್ದೆ. ಆಮೇಲೆ ತಲೆನೋವಂತೆ, ಮಲಗಿದ್ದಾನಂತೆ ಅಂದ್ರು, ಸರಿ ಅಂದೆ."

"ಹಾಗಾದ್ರೆ ರೊಟ್ಟಿ ಯಾಕೆ ಮುರಿದೆ?"

"ನಾನಾಗಿ ಮುರೀಲಿಲ್ಲ." ಅವನ ದನಿ ಇಳಿಯಿತು. "ಮಧ್ಯಾಹ್ನದಿಂದ ಕುಡೀತಿದ್ದೆ. ಇಲಾರಿಯೋನ್ ಮಾಮನ ಹಾರೈಕೆ ನಿಮಗೆ ಗೊತ್ತಲ್ಲ, ಅದು ಮುಗಿಯೋದ್ರೊಳಗೆ ಒಂದು ನಿದ್ದೆ ತೆಗೀಬಹುದು. ನಾನು ಕೇಳ್ತಾನೇ ಇರಲಿಲ್ಲ, ತಟ್ಟೆ ನೋಡ್ತಿದ್ದೆ. ಪಕ್ಕದಲ್ಲಿ ಒಂದು ಕೈ ರೊಟ್ಟಿ ಮುರಿದು ಹನಿ ಬಿಟ್ಟಿದ್ದು ಕಾಣಿಸ್ತು. ಓ, ಸತ್ತವರ ಸರದಿ ಬಂತು ಅಂದ್ಕೊಂಡೆ. ನನ್ನ ಕೈಯೂ ಮಾಡ್ತು. ಚರ್ಚಲ್ಲಿ ಮುಂದಿನವನು ಬಗ್ಗಿದ್ರೆ ನಾವೂ ಬಗ್ಗಲ್ವಾ? ತಲೆ ಎತ್ತಿ ನೋಡಿದ್ರೆ ನೀವೆಲ್ಲ ಲೋಟ ತಾಗಿಸ್ತಿದ್ರಿ. ಮಾನ ಹೋದಂಗಾಯ್ತು. ತಲೆ ತಗ್ಗಿಸಿಬಿಟ್ಟೆ."

"ಸುಳ್ಳು."

"ಬೆಳಿಗ್ಗೆ ಅವನು ಸತ್ತ ಸುದ್ದಿ ಬಂತಲ್ಲ, ಆಗ ನನಗೆ ಅರ್ಥ ಆಯ್ತು ಅಕ್ಕಾ. ಹೇಳಿದ್ರೆ ಈ ಸೀಸೆಗಳ ವಿಚಾರವೂ ಹೊರಗೆ ಬರತ್ತೆ, ನನ್ನನ್ನೂ ಎಳೀತಾರೆ ಅಂತ ಸುಮ್ಮನಾದೆ."

"ಯಾರ ಕೈ ಅದು?"

ಜೆಮಾಲ್ ಮುಖ ಪಕ್ಕಕ್ಕೆ ತಿರುಗಿಸಿದ.

"ಯಾರ ಕೈಯೋ ಅದು? ಬೊಗಳು!"

"ನನ್ನ ಪಕ್ಕದ ಕುರ್ಚಿ ಯಾರದು ಅಂತ ನನ್ನನ್ನ ಕೇಳ್ತೀರಲ್ಲ ಅಕ್ಕಾ," ಎಂದ. ಆ ದನಿಯಲ್ಲಿ ಕೊಬ್ಬಿರಲಿಲ್ಲ. ಕನಿಕರವಿತ್ತು. ಅದನ್ನು ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು.

ಅಡುಗೆ ಮನೆ ಬಾಗಿಲಿಗೆ ಹತ್ತಿರದ ಕುರ್ಚಿ. ಇಲಾರಿಯೋನ್ ಮಾಮ ಕೈ ಹಿಡಿದು ಕೂರಿಸಿ, ತಾನೇ ತಟ್ಟೆ ತಂದು ಮುಂದಿಟ್ಟಿದ್ದ.

ಈ ಬೆಳಿಗ್ಗೆ ಆ ಜಾಗದಲ್ಲಿ ತಟ್ಟೆ ಇರಲಿಲ್ಲ. ಮೇಜಿನ ತುಂಬ ಎಂಜಲು ತಟ್ಟೆಗಳು ಹಾಗೇ ಬಿದ್ದಿರುವಾಗ, ಅದೊಂದೇ ತಟ್ಟೆ ಶುದ್ಧವಾಗಿ ತೊಳೆಸಿಕೊಂಡು ಅಡುಗೆ ಮನೆಯ ಕಟ್ಟೆಯ ಮೇಲೆ ಒಣಗುತ್ತಿತ್ತು. ಅತ್ತಿಗೆ ತಿಂಡಿ ತಿಂದಿದ್ದಾಳೆಂದು ನಾನು ಖುಷಿಪಟ್ಟಿದ್ದೆ. ಅವ್ತಾಂದಿಲನಿಗೆ ತಲೆನೋವು, ಮಲಗಿದ್ದಾನೆ ಎಂದು ನಮಗೆಲ್ಲ ಹೇಳಿದ್ದೂ ಅವಳೇ. ಅವನು ಅಣ್ಣನ ಕುರ್ಚಿಯಲ್ಲಿ ಕೂತು ಹೋಟೆಲಿನ ಮಾತಾಡಿದಾಗ ಅವಳು ಒಂದಕ್ಷರ ಆಡಿರಲಿಲ್ಲ. ಮಗ ಏನೂ ಮಾಡಿಲ್ಲ ಎಂದು ಅವಳಿಗೆ ಅಷ್ಟು ಖಚಿತವಾಗಿ ಗೊತ್ತಿತ್ತು.

ಕಾಲರು ನನ್ನ ಕೈಯಿಂದ ಜಾರಿತು. ಬೆಳಿಗ್ಗೆಯಿಂದ ಪಾತಾನ ಮೇಲೆ, ಪ್ರವಾಸಿಗಳ ಮೇಲೆ, ಇವನ ಮೇಲೆ ಉರಿದ ಸಿಟ್ಟಿಗೆ ಈಗ ಯಾರ ಕಡೆ ತಿರುಗಬೇಕೋ ತಿಳಿಯಲಿಲ್ಲ. ಸತ್ತವನ ಮೇಲೇ ಮತ್ತೆ ತಿರುಗಿತು. ಬದುಕಿದ್ದಾಗ ನಮ್ಮ ಹೆಸರು ಕೆಡಿಸಿದ, ಸತ್ತು ನಮ್ಮ ಮನೆಯನ್ನೇ ಕೆಡವುತ್ತಿದ್ದಾನೆ.

"ಅಕ್ಕಾ," ಎಂದು ಜೆಮಾಲ್ ಪಿಸುಗುಟ್ಟಿದ. "ನಾನಾಗಿ ಪಾತಾನಿಗೆ ಏನೂ ಹೇಳಲ್ಲ. ಆದ್ರೆ ನನ್ನ ತಲೆಗೆ ಕಟ್ಟಿದ್ರೆ ಬಾಯಿ ಬಿಡ್ತೀನಿ."

ಕಿಟಕಿಯಾಚೆ ಅತ್ತಿಗೆ ಗಂಟು ಬಿಚ್ಚಿದ್ದಳು. ಮಗನ ಕೈಗೆ ಕೋಳವಿದ್ದದ್ದರಿಂದ ರೊಟ್ಟಿ ಮುರಿದು, ಕಾರಿನ ಕಿಟಕಿಯೊಳಗೆ ಕೈ ಹಾಕಿ, ಅವನ ಬಾಯಿಗೆ ತುತ್ತು ಇಡುತ್ತಿದ್ದಳು. ತಲೆ ಎತ್ತಿ ಒಮ್ಮೆ ಅಂಗಡಿಯತ್ತ ನೋಡಿದಳು. ಜೆಮಾಲನ ಮುಂದೆ ನಾನಿಟ್ಟ ಒದ್ದೆ ರೊಟ್ಟಿ ಅವಳಿಗೆ ಕಾಣಿಸಿತು. ನನ್ನನ್ನು ನೋಡಿದಳು. ದೃಷ್ಟಿ ತಪ್ಪಿಸಲಿಲ್ಲ. ಆಮೇಲೆ ಮತ್ತೊಂದು ತುತ್ತು ಮುರಿದಳು.

ಅಂಗಡಿಯ ಬಾಗಿಲ ಗಂಟೆ ಕಿಣಿಕಿಣಿಗುಟ್ಟಿತು. ಪಾತಾ ಒಳಗೆ ಬಂದ. ನೆಲದ ಮೇಲಿನ ವೈನ್ ನೋಡಿದ, ಬೆವರುತ್ತ ನಿಂತ ಜೆಮಾಲನನ್ನು ನೋಡಿದ, ಖುಷಿಯಾದ.

"ಬಾಯಿ ಬಿಟ್ಟ ಅಂತ ಕಾಣತ್ತೆ," ಎಂದು ಕೈಕೋಳದ ಬೀಗದ ಕೈ ಜೇಬಿನಿಂದ ತೆಗೆದ. "ಒಂದೇ ಒಂದು ಹೆಸರು ಹೇಳಿ ಮೇಡಂ, ಸಾಕು. ನಿಮ್ಮ ಮಾತಿನ ಮೇಲೆ ಹುಡುಗನನ್ನ ಈಗಲೇ ಇಳಿಸ್ತೀನಿ. ಯಾರು ಆ ರೊಟ್ಟಿಗೆ ಹನಿ ಬಿಟ್ಟಿದ್ದು?"

ಜೆಮಾಲನ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.